ಬೆರಳಿಗೂ ರುಚಿಯುಂಟು

ಕೆಲವನ್ನು ಕಣ್ಣು ಮೆಚ್ಚುತ್ತದೆ, ಕೆಲವನ್ನು ನಾಲಿಗೆ. ಅಂಗೈ ಮೆಚ್ಚಿ ಬಿಡಲೊಲ್ಲದ ವಸ್ತು ಮಾತ್ರ ಅಪರೂಪ. ಪ್ಲೇಸ್ಟೇಷನ್ 5 ಎಂಬ ವಿಡಿಯೋ ಗೇಮ್ ಕನ್ಸೋಲಿನ ಜೊತೆಗೆ ಬರುವ ಡ್ಯುಯಲ್‌ಸೆನ್ಸ್ ಕಂಟ್ರೋಲರ್ ಆ ಅಪರೂಪದ ಸಾಲಿನದು. 2021ರ ಫೆಬ್ರವರಿ 2ರಂದು ಭಾರತದ ಅಂಗಡಿಗಳಿಗೆ ಬಂದ ಈ ಚೆಲುವು ಸೂಳೆಕೆರೆಯ ಮಗ್ಗುಲಿನ ನಮ್ಮ ಮನೆ ಮುಟ್ಟಲು ಕೊಂಚ ತಡವಾಯಿತು. ಬೆಂಗಳೂರಿನಲ್ಲಿರುವ ಅಣ್ಣನ ಮಗಳು ರಜೆಗೆ ಬರುವಾಗ ಹೊತ್ತು ತಂದಳು. ಅವಳು ಟಿವಿಗೆ ವೈರು ಸಿಕ್ಕಿಸುತ್ತಿದ್ದಳು. ನಾನು ಕಂಟ್ರೋಲರನ್ನು ತಿರುವಿ ಮುರುವಿ ನೋಡುತ್ತ ಕೂತುಬಿಟ್ಟೆ.

ತೂಕ ಸುಮಾರು 280 ಗ್ರಾಂ. ಹಿಂದಿನ ಡ್ಯುಯಲ್‌ಶಾಕ್ 4 ಸುಮಾರು 210 ಗ್ರಾಂ ತೂಗುತ್ತಿತ್ತು. ಹೆಚ್ಚಿಗೆ ಬಂದ ತೂಕ ಕೈಗೆ ಹಿತವಾದ ಗಟ್ಟಿತನ ಕೊಟ್ಟಿದೆ. ಬಿಳಿಯ ಮೈ, ನಡುವೆ ಕಪ್ಪು, ಟಚ್‌ಪ್ಯಾಡಿನ ಎರಡೂ ಅಂಚಿಗೆ ತೆಳುವಾದ ನೀಲಿ ಬೆಳಕಿನ ಗೆರೆ. ಕ್ಯಾಸೆಟ್ ಹಾಕಿ ಮಾರಿಯೋ, ಕಾಂಟ್ರಾ ಆಡುತ್ತಿದ್ದ ಕಾಲದ ಚಪ್ಪಟೆ ರಿಮೋಟುಗಳ ಮೂಲೆ ಅಂಗೈಗೆ ಚುಚ್ಚುತ್ತಿತ್ತು. ಇದರ ದುಂಡನೆಯ ಹಿಡಿಕೆಗಳು ತಾವಾಗಿಯೇ ಅಂಗೈಯೊಳಗೆ ಬಂದು ಕೂರುತ್ತವೆ.

ಹಿಡಿಕೆಯ ಹಿಂಬದಿಯನ್ನು ಮೆಲ್ಲಗೆ ಸವರಿ. ಸಣ್ಣಗೆ ತರಿತರಿ. ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು ದಿಟ್ಟಿಸಿದರೆ ಒಂದೊಂದು ತರಿಯೂ ಒಂದೊಂದು ಆಕಾರ: ತ್ರಿಕೋನ, ಸೊನ್ನೆ, ಇಂಟು, ಚೌಕ. 1994ರ ಮೊದಲ ಪ್ಲೇಸ್ಟೇಷನ್ನಿಗಾಗಿ ಟೇಯು ಗೊಟೊ ಎಂಬ ಜಪಾನಿ ವಿನ್ಯಾಸಕಾರ ಆರಿಸಿಕೊಂಡ ಗುರುತುಗಳಿವು. ಸೊನ್ನೆಗೆ ಹೌದು, ಇಂಟುವಿಗೆ ಅಲ್ಲ, ತ್ರಿಕೋನಕ್ಕೆ ನೋಟದ ದಿಕ್ಕು, ಚೌಕಕ್ಕೆ ಕಾಗದದ ಹಾಳೆ ಎಂದು ಆತ ಅರ್ಥ ಇಟ್ಟಿದ್ದ. ಅದೇ ನಾಲ್ಕು ಗುರುತುಗಳು ಈಗ ಕಣ್ಣಿಗೆ ಸುಲಭಕ್ಕೆ ಕಾಣದಷ್ಟು ಪುಟ್ಟದಾಗಿ, ಬೆವತ ಬೆರಳು ಜಾರದಂತೆ ಕಾಯುತ್ತಿವೆ. ಅಲಂಕಾರವೇ ಕೆಲಸಕ್ಕೆ ಒದಗುವ ಇಂಥ ಕಡೆ ನನ್ನ ಬೆರಳು ಸುಮ್ಮನೆ ಓಡಾಡುತ್ತಲೇ ಇರುತ್ತದೆ.

ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ಚಿಕ್ಕದೊಂದು ಏರಿ ಕಟ್ಟಿ ಸೂಳೆಕೆರೆಯಷ್ಟು ದೊಡ್ಡ ನೀರನ್ನು ನಿಲ್ಲಿಸಿದ ಸೀಮೆಯವರು ನಾವು. ಪುಟ್ಟ ಜಾಗದಲ್ಲಿ ಅಡಗಿಸಿದ ಕುಶಲತೆಗೆ ಬೇಗ ಸೋಲುತ್ತೇವೆ. ಈ ಕಂಟ್ರೋಲರಿನ ಒಳಗೂ ಅಂಥದ್ದೇ ಜಾಣ್ಮೆಯಿದೆ. ಹಳೆಯ ಕಂಟ್ರೋಲರುಗಳಲ್ಲಿ ಓರೆಭಾರ ಕಟ್ಟಿದ ಮೋಟಾರು ತಿರುಗಿ ಒಂದೇ ಬಗೆಯಾಗಿ ಗುರ್ರೆನ್ನುತ್ತಿತ್ತು. ಇಲ್ಲಿ ಸ್ಪೀಕರಿನಲ್ಲಿರುವಂತೆ ಸುರುಳಿ ಮತ್ತು ಅಯಸ್ಕಾಂತ ಸೇರಿ ನಡುಕ ಹುಟ್ಟಿಸುತ್ತವೆ. ಹಾಗಾಗಿ ನಡುಕಕ್ಕೂ ದಪ್ಪ, ತೆಳು, ಏರು, ಇಳಿತ ಬಂದಿವೆ.

ಕನ್ಸೋಲಿನಲ್ಲೇ ಬರುವ ಆಸ್ಟ್ರೋಸ್ ಪ್ಲೇರೂಮ್ ಆಟದಲ್ಲಿ ಆಸ್ಟ್ರೋ ಎಂಬ ಪುಟಾಣಿ ರೋಬೋ ನಡೆಯುತ್ತಾನೆ. ಮರಳಿನ ಮೇಲೆ ನಡೆದಾಗ ಅಂಗೈಯಲ್ಲಿ ಮರಳು ಸರಿಯುತ್ತದೆ. ಮಂಜುಗಡ್ಡೆಯ ಮೇಲೆ ಜಾರಿದಾಗ ನುಣುಪು... ಹಗುರ... ಉದ್ದಕ್ಕೆ ಎಳೆದ ಒಂದೇ ಗೆರೆ. ಆಮೇಲೆ ಮಳೆ. ಹನಿ ಬಿತ್ತು, ಇಲ್ಲೊಂದು, ಅಲ್ಲೊಂದು, ಎಡಗೈಯಲ್ಲಿ, ಬಲಗೈಯಲ್ಲಿ. ಅಡಿಕೆ ಸುಲಿದು ಒರಟಾದ ನನ್ನ ಬೆರಳಿಗೂ ಒಂದೊಂದು ಹನಿ ಬೇರೆ ಬೇರೆಯಾಗಿ ತಿಳಿಯಿತು.

ಹಿಂಬದಿಯ ಟ್ರಿಗರುಗಳದ್ದು ಇನ್ನೊಂದು ಸೊಗಸು. ಅವುಗಳೊಳಗಿನ ಪುಟ್ಟ ಮೋಟಾರು, ಹಲ್ಲುಚಕ್ರಗಳು ಬೆರಳನ್ನು ಎದುರು ತಳ್ಳುತ್ತವೆ. ಹೊರೈಜನ್ ಫರ್ಬಿಡನ್ ವೆಸ್ಟ್ ಆಟದಲ್ಲಿ ಬಿಲ್ಲಿನ ಹೆದೆ ಎಳೆದರೆ ಟ್ರಿಗರು ಬಿಗಿಯುತ್ತದೆ. ಗ್ರ್ಯಾನ್ ಟೂರಿಸ್ಮೊ 7ರಲ್ಲಿ ಓಡುವ ಕಾರಿಗೆ ಜೋರಾಗಿ ಬ್ರೇಕು ಹಾಕಿದರೆ ಎಡ ಟ್ರಿಗರು ಬೆರಳಡಿಯಲ್ಲೇ ಪಟಪಟ ಅದುರುತ್ತದೆ. “ಮೆಲ್ಲಕೆ ಒತ್ತು ಚಿಕ್ಕಪ್ಪ, ಪೂರ್ತಿ ಅದುಮಬೇಡ” ಎಂದಳು ಮಗಳು. ಒಳ್ಳೆಯ ಮಾತು. ಅರ್ಧಕ್ಕೆ ಒತ್ತಿ ಅಲ್ಲೇ ನಿಲ್ಲಿಸಿದಾಗ, ಬೆರಳೂ ಟ್ರಿಗರೂ ಒಂದನ್ನೊಂದು ತೂಗಿ ನೋಡುವ ಆ ಗಳಿಗೆಯಲ್ಲಿ ಇದರ ಪೂರಾ ಸವಿ ಇದೆ.

ನಿಮಗೆ ವಿಡಿಯೋ ಗೇಮಿನ ಗಂಧಗಾಳಿ ಇಲ್ಲದಿರಬಹುದು, ಚಿಂತೆಯಿಲ್ಲ. ಮನೆಯ ಮಕ್ಕಳ ಕೈಯಲ್ಲಿ ಇದನ್ನು ಕಂಡರೆ ಒಂದು ಗಳಿಗೆ ಇಸಿದುಕೊಳ್ಳಿ. ಸೋಲು ಗೆಲುವು ಅವರಿಗಿರಲಿ. ಆಸ್ಟ್ರೋನನ್ನು ಮರಳಿನ ಮೇಲೆ ನಾಲ್ಕು ಹೆಜ್ಜೆ ನಡೆಸಿ, ಬೆರಳಿಗೆ ಏನು ಸಿಕ್ಕಿತೆಂದು ನೀವೇ ಹೇಳಿ.