ಮೂರು ನಿಮಿಷದ ಕಲ್ಯಾಣಿ

ಆಲಾಪನೆ, ನೆರವಲ್, ಕಲ್ಪನಾಸ್ವರ, ತನಿ ಆವರ್ತನ ಎಲ್ಲ ಸೇರಿದರೆ ಕರ್ನಾಟಕ ಸಂಗೀತ ಕಛೇರಿಯ ಪ್ರಧಾನ ಕೃತಿಗೆ ಒಂದು ಗಂಟೆಯೂ ಹಿಡಿಯುತ್ತದೆ. 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟು ಬಂದಾಗ ಅಂಥ ಕೃತಿ ಸುಮಾರು ಮೂರು ನಿಮಿಷದಲ್ಲಿ ಮುಗಿಯಬೇಕಾಯಿತು. ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲು ಹಿಡಿಯುತ್ತಿದ್ದುದೇ ಅಷ್ಟು.

ಕಲ್ಯಾಣಿ ರಾಗವನ್ನೇ ನೋಡಬಹುದು. ಕಛೇರಿಯಲ್ಲಿ ಗಾಯಕ ಒಂದೊಂದು ಸ್ವರದ ಮೇಲೂ ನಿಂತು, ಸಾವಧಾನವಾಗಿ ಮೇಲೇರುತ್ತಾನೆ. ಪ್ಲೇಟಿನಲ್ಲಿ ಆ ಬಿಡುವಿಲ್ಲ. ಷಡ್ಜ, ಪಂಚಮಗಳನ್ನು ಬಿಟ್ಟು ಗಾಂಧಾರದಿಂದ ಪ್ರತಿಮಧ್ಯಮ, ಧೈವತ, ನಿಷಾದಗಳ ಮೇಲೆ ಹಾಯುವ ಒಂದು ಎಳೆ ಹಿಡಿದರೆ ಸಾಕು, ಕಲ್ಯಾಣಿ ಕಣ್ಣೆದುರು ಬಂದು ನಿಲ್ಲುತ್ತದೆ. ಒಂದೇ ಸಾಲನ್ನು ಬದಲಿಸಿ ಹಾಡುವ ಹತ್ತು ಸಂಗತಿಗಳಲ್ಲಿ ಯಾವ ಮೂರನ್ನು ಉಳಿಸಬೇಕೆಂಬುದರಲ್ಲೇ ಗಾಯಕನ ವಿದ್ವತ್ತು ತಿಳಿಯುತ್ತದೆ. ಆಯ್ಕೆ ತಪ್ಪಿದರೆ ಉಳಿಯುವುದು ಬರೀ ಮಟ್ಟು, ರಾಗವಲ್ಲ.

ಪಶ್ಚಿಮದ ಪ್ರೋಗ್ರೆಸಿವ್ ರಾಕ್ ತಂಡಗಳೂ ಹಿರಿದನ್ನು ಕಿರಿದಾಗಿಸುವ ಈ ಹಾದಿ ತುಳಿದವು. 1972ರಲ್ಲಿ ಒಂದೇ ರಚನೆಗೆ ಎಲ್‌ಪಿಯ ಇಡೀ ಮಗ್ಗುಲನ್ನು ಬಳಸಿದ್ದ ಯೆಸ್ ತಂಡ 1983ರಲ್ಲಿ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ ಎಂಬ ಚಿಕ್ಕ ಹಾಡಿನಿಂದ ಮನೆಮಾತಾಯಿತು.

ಕನ್ನಡದಲ್ಲಿ ಈ ಅಡಕದ ಅತ್ಯುತ್ತಮ ಮಾದರಿ ಇರುವುದು 1966ರ ‘ಸಂಧ್ಯಾರಾಗ’ ಚಿತ್ರದಲ್ಲಿ. ಗಾಯಕನೊಬ್ಬನ ಬಾಳಿನ ಈ ಕಥೆ ಅ.ನ.ಕೃ. ಅವರ ಕಾದಂಬರಿಯದು, ಲೇಖಕರ ಹೆಸರಿನ ‘ಅ’ ಎಂದರೆ ಹಾಸನ ಜಿಲ್ಲೆಯ ಅರಕಲಗೂಡು. ರಾಜ್‌ಕುಮಾರ್ ನಟಿಸಿದ ಆ ಚಿತ್ರದಲ್ಲಿ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ, ಎಸ್. ಜಾನಕಿ ಒಂದೇ ಸಾಹಿತ್ಯವನ್ನು ಬೇರೆ ಬೇರೆಯಾಗಿ ಹಾಡಿದ್ದಾರೆ. ರಾತ್ರಿಯಿಡೀ ಹಾಡಬಲ್ಲ ಜೋಶಿಯವರ ಕಂಠ ಇಲ್ಲಿ ಕೆಲವೇ ನಿಮಿಷಗಳಿಗೆ ಒಗ್ಗಿದರೂ ಅದರ ತೂಕ ಕಡಿಮೆಯಾಗಿಲ್ಲ. ಮೂರನ್ನೂ ಒಂದಾದಮೇಲೊಂದು ಕೇಳಿದವರಿಗೆ ಇದು ಪಾಠವೇ ಸರಿ.

ಅರಕಲಗೂಡು ತಾಲ್ಲೂಕಿನಲ್ಲೇ, ಕಾವೇರಿಯ ದಡದಲ್ಲಿ, ಸಂಗೀತಗ್ರಾಮ ರುದ್ರಪಟ್ಟಣವಿದೆ. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಬೆಂಗಳೂರು ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದವರು. ರೇಡಿಯೋ ಕಛೇರಿಗೆ ಗಡಿಯಾರವೇ ಯಜಮಾನ. ಅಳತೆ ಮೀರದ, ಗುರುವಿನಿಂದ ಕಲಿತ ಪಾಠಾಂತರಕ್ಕೆ ನಿಷ್ಠವಾದ ಅವರ ಶೈಲಿ ಅದಕ್ಕೆ ಚೆನ್ನಾಗಿ ಹೊಂದುತ್ತಿತ್ತು. ಆದರೆ ಪ್ಲೇಟಾಗಲಿ ಸಿನಿಮಾ ಆಗಲಿ ಹಿಡಿಯಲಾರದ್ದೆಂದರೆ ವಿಸ್ತಾರವಾದ ನೆರವಲ್. ಸಾಹಿತ್ಯದ ಒಂದೇ ಸಾಲನ್ನು ಮತ್ತೆ ಮತ್ತೆ ಹೊಸದಾಗಿ ಬೆಳೆಸುವ ಆ ಕ್ರಮಕ್ಕೆ ಅವಸರ ಕೂಡದು. ಅದನ್ನು ಸವಿಯಬೇಕಾದವರು ಇಂದಿಗೂ ಪೂರ್ಣ ಕಛೇರಿಯನ್ನೇ ಕೇಳಬೇಕು.