ಬರೆಯುತ್ತಿರುವ ಕಲ್ಲಿನ ಹುಡುಗಿ

ಬಸವಕಲ್ಯಾಣದ ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಹತ್ತು-ಹನ್ನೊಂದನೆಯ ಶತಮಾನದ ಜೈನ ಮೂರ್ತಿಗಳಿವೆ, ಬೇರೆ ದೇವರುಗಳೂ ಇದ್ದಾರೆ. ಊರು ಕಳೆದುಕೊಂಡ ಕಲ್ಲುಗಳಿಗೆ ಅಲ್ಲಿ ಸೂರು ಸಿಕ್ಕಿದೆ. ಅವನ್ನು ನೋಡಿದ ಕಣ್ಣಲ್ಲೇ ನಾರಾಯಣಪುರಕ್ಕೆ ಹೋಗಬೇಕು. ಅಲ್ಲಿನ ಚಾಲುಕ್ಯರ ಕಾಲದ ಶಿವಾಲಯದ ಮದನಿಕೆಯರು ಇನ್ನೂ ಗೋಡೆಯಲ್ಲೇ ಇದ್ದಾರೆ, ಬಿಸಿಲು ಸರಿದಂತೆ ಅವರ ನೆರಳೂ ಸರಿಯುತ್ತದೆ. ಗಾಜಿನ ಪೆಟ್ಟಿಗೆ ಇದನ್ನು ಕೊಡಲಾರದು.

ಆದರೆ ನನ್ನ ಮನಸ್ಸನ್ನು ಕಟ್ಟಿಹಾಕಿರುವವಳು ಹುಮನಾಬಾದ ತಾಲ್ಲೂಕಿನ ಜಲಸಂಗಿಯವಳು. ದೇವಾಲಯದ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಸೊಂಟ ಬಳುಕಿಸಿ, ಕೈಯೆತ್ತಿ ಶಾಸನ ಬರೆಯುತ್ತಿದ್ದಾಳೆ. ಬರೆಯುವಂತೆ ನಟಿಸುತ್ತಿಲ್ಲ. ಅವಳ ಎದುರಿನ ಅಕ್ಷರಗಳು ನಿಜವಾದವು. ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ ಅದು. 1076ರಿಂದ 1126ರವರೆಗೆ ಕಲ್ಯಾಣದಿಂದ, ಅಂದರೆ ಇದೇ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಅವನು. ಕಾಶ್ಮೀರದ ಬಿಲ್ಹಣ ಅವನ ಮೇಲೆ ಇಡೀ ಕಾವ್ಯವನ್ನೇ ಬರೆದ. ಇಲ್ಲಿನ ಶಿಲ್ಪಿ ಒಂದು ಶ್ಲೋಕವನ್ನು ಹೆಣ್ಣಿನ ಕೈಗೆ ಕೊಟ್ಟ. ನನಗೆ ಶಿಲ್ಪಿಯದೇ ಹೆಚ್ಚು ಇಷ್ಟ. ಕನ್ನಡಿ ಹಿಡಿದವರು, ಕುಣಿಯುವವರು ನಮ್ಮ ಗುಡಿಗಳಲ್ಲಿ ಎಷ್ಟೋ ಮಂದಿ. ಅಕ್ಷರ ಬಲ್ಲವಳನ್ನು ಕಂಡರಿಸಲು ಅವನಿಗೆ ಹೇಗೆ ಹೊಳೆಯಿತೋ!

ಅವಳ ಬೆರಳ ತುದಿಯನ್ನೇ ಬಹಳ ಹೊತ್ತು ನೋಡಿದೆ. ಮುಂದಿನ ಅಕ್ಷರಕ್ಕೆ ಸರಿಯಲಿದೆ ಅನ್ನಿಸುತ್ತಿತ್ತು.