ಲುಕ್ಲಾದಲ್ಲಿ ಇಳಿಯುವ ಮೊದಲು

ಫ್ಲೈಟ್ ಸಿಮ್ಯುಲೇಟರಿನ ಹುಚ್ಚು ಹತ್ತಿದವರು ಒಂದಲ್ಲ ಒಂದು ದಿನ ನೇಪಾಳದ ಲುಕ್ಲಾಕ್ಕೆ ಹೋಗಿಯೇ ಹೋಗುತ್ತಾರೆ. ಎವರೆಸ್ಟ್ ಬೇಸ್ ಕ್ಯಾಂಪಿಗೆ ಚಾರಣ ಹೊರಡುವವರು ಇಳಿಯುವ ಊರು ಅದು. ಎಡ್ಮಂಡ್ ಹಿಲರಿ ಮುಂದೆ ನಿಂತು 1964ರಲ್ಲಿ ಮಾಡಿಸಿದ ಮಣ್ಣಿನ ಪಟ್ಟಿಗೆ ಡಾಂಬರು ಬಿದ್ದದ್ದು 2001ರಲ್ಲಿ. ಸಮುದ್ರಮಟ್ಟದಿಂದ 9,334 ಅಡಿ ಎತ್ತರ, ರನ್‌ವೇ ಬರೀ 527 ಮೀಟರ್. ಕೆಳತುದಿಗೆ ಕಣಿವೆ, ಮೇಲ್ತುದಿಗೆ ಗೋಡೆ, ಗೋಡೆಯ ಹಿಂದೆ ಬೆಟ್ಟ. ಬಹಳ ಮಂದಿ ಒಂದೆರಡು ಸಲ ಅಪ್ಪಳಿಸಿ, ಹೇಗೋ ಒಮ್ಮೆ ಇಳಿದು, ಪರದೆಯ ಚಿತ್ರ ತೆಗೆದಿಟ್ಟುಕೊಂಡು ಬೇರೆ ಊರಿಗೆ ಹಾರುತ್ತಾರೆ. ಈ ಹವ್ಯಾಸದ ನಿಜವಾದ ರುಚಿ ಶುರುವಾಗುವುದೇ ಆಮೇಲೆ.

ಎಲ್ಲರಿಗೂ ಕಾಣುವುದು ರನ್‌ವೇ ಗಿಡ್ಡವೆಂಬುದು. ಕಾಡುವುದು ಮಾತ್ರ ಅದರ ಏರು. ಶೇಕಡಾ 11.7ರಷ್ಟು ಏರು ಎಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 60 ಮೀಟರ್ ಎತ್ತರದ ವ್ಯತ್ಯಾಸ. ಸಮತಟ್ಟಾದ ರನ್‌ವೇ ನೋಡಿ ಪಳಗಿದ ಕಣ್ಣು ಇಲ್ಲಿ ಮೋಸಹೋಗುತ್ತದೆ. ಸರಿಯಾದ ಎತ್ತರದಲ್ಲೇ ಬರುತ್ತಿದ್ದರೂ ತೀರಾ ಮೇಲಿದ್ದೇನೆ ಅನ್ನಿಸುತ್ತದೆ. ಮೂಗು ತಗ್ಗಿಸಿದಿರೋ, ರನ್‌ವೇಯ ಅಂಚಿಗಿಂತ ಕೆಳಗೆ, ಕಣಿವೆಯ ಗೋಡೆಗೆ ಎದುರಾಗಿ ನಿಂತಿರುತ್ತೀರಿ. ಕಣ್ಣು ಹೇಳಿದ್ದನ್ನು ಆಲ್ಟಿಮೀಟರಿನ ಮುಂದಿಟ್ಟು ನೋಡುವ ಅಭ್ಯಾಸವನ್ನು ಲುಕ್ಲಾದಷ್ಟು ಚೆನ್ನಾಗಿ ಕಲಿಸುವ ಜಾಗ ಇನ್ನೊಂದಿಲ್ಲ.

ನೆಲ ಮುಟ್ಟುವ ಗಳಿಗೆಯೂ ಬೇರೆಯೇ. ಸಾಮಾನ್ಯ ನಿಲ್ದಾಣದಲ್ಲಿ 3 ಡಿಗ್ರಿ ಇಳಿಜಾರಿನಲ್ಲಿ ಬಂದ ವಿಮಾನವನ್ನು ಕೊನೆಗೆ ಮಟ್ಟ ಮಾಡಿದರೆ ಸಾಕು. ಇಲ್ಲಿ ಇಳಿಯುತ್ತಿರುವ ವಿಮಾನವನ್ನು ಏರಿನ ಜೊತೆ ಹೊಂದಿಸಬೇಕು. ಹತ್ತಿರ ಹತ್ತಿರ 10 ಡಿಗ್ರಿಯ ತಿರುವು ಅದು. ಅಷ್ಟು ಮೂಗೆತ್ತಿದಾಗ ವೇಗ ಸರ್ರನೆ ಕರಗುತ್ತದೆ. ಥ್ರಾಟಲನ್ನು ಮೊದಲೇ ಪೂರ್ತಿ ಎಳೆದುಬಿಟ್ಟರೆ ವಿಮಾನ ಧೊಪ್ಪನೆ ಕುಕ್ಕರಿಸುತ್ತದೆ. ಗಾಲಿ ತಾಗುವವರೆಗೂ ಎಂಜಿನ್ನಿನಲ್ಲಿ ಒಂದಿಷ್ಟು ಜೀವ ಉಳಿಸಿಕೊಂಡಿರಬೇಕು.

ತೆಳುಗಾಳಿಯ ಲೆಕ್ಕ ಬೇರೆ. ಇಷ್ಟು ಎತ್ತರದಲ್ಲಿ ಮೀಟರು 80 ನಾಟ್ ತೋರಿಸುವಾಗ ವಿಮಾನ ನಿಜಕ್ಕೂ 92ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ, ಬಿಸಿಲೇರಿದರೆ ಇನ್ನೂ ಹೆಚ್ಚು. ಅದಕ್ಕೇ ತಿರುವುಗಳು ಅಗಲವಾಗುತ್ತವೆ, ಎಲ್ಲವೂ ಅಂದುಕೊಂಡದ್ದಕ್ಕಿಂತ ಬೇಗ ಎದುರಾಗುತ್ತದೆ. ಸೆಸ್ನಾ 172ರಂಥ ಟರ್ಬೊ ಇಲ್ಲದ ಎಂಜಿನ್ ಇಲ್ಲಿ ತನ್ನ ಶಕ್ತಿಯ ಕಾಲು ಪಾಲಿಗೂ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಇಂಧನ-ಗಾಳಿಯ ಮಿಕ್ಸ್ಚರನ್ನು ತಾನಾಗಿ ಸರಿಮಾಡುವ ಸೌಲಭ್ಯವನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಿ, ಅದರ ಕೆಂಪು ಗುಬ್ಬಿಯನ್ನು ನೀವೇ ಎಳೆದು ಹದ ಹುಡುಕಿ. ಎಂಜಿನ್ನಿನ ಸದ್ದು ತಿಳಿಯಾಗುವುದನ್ನು ಕಿವಿಯಿಂದಲೇ ಹಿಡಿಯಬಹುದು. ಅಲ್ಲಿ ನಿಜವಾಗಿ ಹಾರುವ ಟ್ವಿನ್ ಆಟರ್, ಡಾರ್ನಿಯರ್ 228 ಟರ್ಬೊಪ್ರಾಪ್‌ಗಳು ಈ ಎತ್ತರಕ್ಕೆ ಹೆಚ್ಚು ತಕ್ಕವು. ಆದರೂ ಪಾಠಕ್ಕೆ ಬಡಕಲು ಸೆಸ್ನಾವೇ ಮೇಲು. ಅದು ಯಾವ ತಪ್ಪನ್ನೂ ಮುಚ್ಚುವುದಿಲ್ಲ.

ಇವೆಲ್ಲಕ್ಕೂ ಮೇಲಿನದು ತೀರ್ಮಾನದ ಸಮಯ. ಬೇರೆ ಕಡೆ ಇಳಿಯುವುದು ಸರಿಬರಲಿಲ್ಲವೆಂದರೆ ಥ್ರಾಟಲ್ ತಳ್ಳಿ ಮತ್ತೆ ಮೇಲೇರಬಹುದು. ಲುಕ್ಲಾದಲ್ಲಿ ಒಂದು ಹಂತ ದಾಟಿದ ಮೇಲೆ ಎದುರಿಗೆ ಬೆಟ್ಟವೇ ಹೊರತು ದಾರಿಯಿಲ್ಲ. ಇಳಿಯಬೇಕೋ ಬಿಡಬೇಕೋ ಎಂಬುದು ಕಣಿವೆಯಲ್ಲಿ ತಿರುಗಲು ಜಾಗವಿರುವಾಗಲೇ ನಿಕ್ಕಿಯಾಗಬೇಕು. ಫ್ಲ್ಯಾಪ್ ಇಳಿದಿದೆಯೇ, ವೇಗ ಸ್ಥಿರವಾಗಿದೆಯೇ, ಗಾಳಿ ಹೇಗಿದೆ ಎಂಬ ಪ್ರಶ್ನೆಗಳಿಗೆ ಅಷ್ಟರೊಳಗೆ ಉತ್ತರ ಸಿಕ್ಕಿರಬೇಕು. ಆಟವನ್ನು ಮತ್ತೆ ಮೊದಲಿಂದ ಶುರುಮಾಡುವ ಗುಂಡಿ ಬೆರಳ ತುದಿಯಲ್ಲೇ ಇರುವುದರಿಂದ ಈ ಶಿಸ್ತನ್ನು ನಾವು ಸುಲಭವಾಗಿ ಮರೆಯುತ್ತೇವೆ. ಆ ಗುಂಡಿ ಇಲ್ಲವೆಂದೇ ಭಾವಿಸಿ ಹಾರಿದಾಗ ಮನೆಯ ಕುರ್ಚಿಯಲ್ಲಿ ಕೂತಿದ್ದರೂ ಅಂಗೈ ಬೆವರುತ್ತದೆ.

ಈ ವಾರ ಬಿಡುವಾದರೆ ಹೀಗೆ ಮಾಡಿ. ಗಡಿಯಾರವನ್ನು ಮುಂಜಾವಿಗಿಡಿ, ಹೊತ್ತೇರಿದಂತೆ ಗಾಳಿ ಏಳುವುದರಿಂದ ಅಲ್ಲಿನ ವಿಮಾನಗಳು ಹೆಚ್ಚಾಗಿ ಹಾರುವುದೂ ಬೆಳಿಗ್ಗೆಯೇ. ನಿಜ ಹವಾಮಾನ ಹಾಕಿಕೊಂಡು ಕಠ್ಮಂಡುವಿನಿಂದ ಹೊರಡಿ, ಗುಡ್ಡದ ಸಾಲು ದಾಟುವಷ್ಟು ಎತ್ತರವನ್ನು ಮುಂಚೆಯೇ ಗಳಿಸಿ. ಲುಕ್ಲಾದ ಬಾಯಿಗೆ ಮೋಡ ಕವಿದಿದ್ದರೆ, ಇಲ್ಲವೇ ವೇಗ ಹಿಡಿತಕ್ಕೆ ಬಾರದಿದ್ದರೆ, ಹಟ ಮಾಡದೆ ತಿರುಗಿಸಿ ದಕ್ಷಿಣದ ಫಾಪ್ಲುವಿನಲ್ಲಿ ಇಳಿಯಿರಿ. ಅದನ್ನೂ ನಿಮ್ಮ ಲಾಗ್‌ಬುಕ್ಕಿನಲ್ಲಿ ಒಳ್ಳೆಯ ಹಾರಾಟವೆಂದೇ ಬರೆದುಕೊಳ್ಳಿ.